ಎಳೆಯದ ಪಂಖಾ

ಹೊಸ ಸಾಹೇಬರ ದೋಣಿ ನೀರಿನಲ್ಲಿ ಹಿಂದಕ್ಕೆ ಎಳೆಯುತ್ತಿತ್ತು. ಪಂಢರಿಯ ಸಂಸಾರ ಅಲ್ಲಾಡಿಹೋಗುವುದಕ್ಕೆ ಅಷ್ಟೇ ಸಾಕಾಯಿತು.

ಪಂಢರಿ ಭಾಲ್ಕಿಯ ಹೊರಗಿನ ಜಾಗೀರಿನ ಕೆರೆಯಲ್ಲಿ ದೋಣಿಯ ಇಂಜಿನ್ನು ನೋಡಿಕೊಳ್ಳುವವನು. ಭಾಲ್ಕಿಯಂಥ ಒಣ ಸೀಮೆಗೆ ದೋಣಿ ಎಲ್ಲಿಂದ ಬಂತು ಎಂದು ಕೇಳಬೇಡಿ. ಜಾಗೀರದಾರರಿಗೆ ಮನಸ್ಸು ಬಂದರೆ ಒಂಟೆಯೂ ಈಜಬೇಕಾಗಿದ್ದ ಕಾಲ ಅದು. ಜಾಗೀರದಾರ ಮುಜೀಬೋದ್ದೀನ ಸಾಹೇಬರು ಕಣ್ಣಿನ ಔಷಧಿಗೆಂದು ಮುಂಬೈಗೆ ಹೋದವರು ಸಮುದ್ರ ನೋಡಿ ಮರುಳಾಗಿ, ಒಂದು ಹಾಯಿದೋಣಿಯನ್ನು ರೈಲಿಗೆ ಹಾಕಿಸಿಕೊಂಡು ತಿರುಗಿ ಬಂದಿದ್ದರು. ಗಾಳಿ ಇದ್ದಾಗ ಹಾಯಿ, ಇಲ್ಲದಾಗ ಪುಟ್ಟದೊಂದು ಇಂಜಿನ್ನು. ಆ ಇಂಜಿನ್ನು ದೋಣಿಯ ಹಿಂಭಾಗದಲ್ಲಿ, ನೀರಿನೊಳಗೆ, ಹಿತ್ತಾಳೆಯ ಮೂರು ಎಸಳಿನ ಚಕ್ರವೊಂದನ್ನು ತಿರುಗಿಸುತ್ತಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ಭಾಲ್ಕಿಯ ಜನ ದೋಣಿಯನ್ನು ನಾವ ಎಂದರು, ಆ ಚಕ್ರವನ್ನು ಪಂಖಾ ಎಂದರು. ಅದಕ್ಕೆ ಎಣ್ಣೆ ಹಾಕುವುದು, ಸುತ್ತಿಕೊಂಡ ಪಾಚಿ ಬಿಡಿಸುವುದು ಪಂಢರಿಯ ಕೆಲಸವಾದ್ದರಿಂದ ಅವನು ಊರಿಗೆಲ್ಲ ಪಂಖಾ ಪಂಢರಿಯಾದ.

ಆಮೇಲೆ ನಿಜಾಮನ ರಾಜ್ಯದೊಳಗೆ ಭಾರತದ ಸೈನ್ಯ ಬಂದು ಪೋಲೀಸ್ ಆಕ್ಷನ್ ಆಯಿತು. ಆ ಗಲಾಟೆಯ ವಾರದಲ್ಲಿ ಮನೆಯಿಂದ ಹೊರಗೆ ಹೋದ ಜಾಗೀರದಾರರು ಮರಳಿ ಬರಲಿಲ್ಲ. ಕರಾಚಿಗೆ ಹೋದರೆಂದು ಕೆಲವರು ಹೇಳಿದರು. ಉಳಿದವರು ಏನೂ ಹೇಳಲಿಲ್ಲ. ಮರುವರ್ಷ ಜಾಗೀರುಗಳೂ ರದ್ದಾದವು. ಕೆರೆ, ಬಂಗಲೆ, ಕುದುರೆಲಾಯ, ದೋಣಿ ಎಲ್ಲಕ್ಕೂ ಸರ್ಕಾರದ ಮೊಹರು ಬಿತ್ತು. ಆ ಮೊಹರಿನ ಹಿಂದೆಯೇ ಮದರಾಸ್ ಪ್ರಾಂತದಿಂದ ಹೊಸ ಸಾಹೇಬರು ಬಂದರು. ಮಂಗಳೂರು ಕಡೆಯವರು. ಭಾಲ್ಕಿಯ ಜನರಿಗೆ ಅವರ ಕನ್ನಡ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು, ಅವರಿಗೆ ಭಾಲ್ಕಿಯವರ ಕನ್ನಡ ಜಗಳದ ಹಾಗೆ ಕೇಳುತ್ತಿತ್ತು. ಜಾಗೀರಿನ ಆಳುಗಳಲ್ಲಿ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಮನೆಗೆ ಕಳಿಸುವುದು ಎಂಬುದು ಅವರ ಕೈಯಲ್ಲಿತ್ತು.

ಕಡಲ ಬದಿಯಲ್ಲಿ ಹುಟ್ಟಿದ ಮನುಷ್ಯ. ಈ ಸೀಮೆಯಲ್ಲಿ ಒಂದು ಕೆರೆ, ಅದರಲ್ಲೊಂದು ಹಾಯಿದೋಣಿ ಕಂಡದ್ದೇ ಅವರ ಜ್ವರ ಬಿಟ್ಟಂತಾಯಿತು. ಬಂದ ವಾರವೇ ಹಾಯಿ ಕಟ್ಟಿಸಿ ಕುಳಿತರು. ದೋಣಿ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಪಂಢರಿಗೆ ಕರೆ ಬಂತು. ಕೆರೆಯ ದಂಡೆಯ ಬಂಗಲೆಯ ಪಡಸಾಲೆಯೇ ಈಗ ಕಚೇರಿ. ಮಳೆ ಮುಗಿದು ಹಿಂಬಿಸಿಲು ಸುಡುತ್ತಿದ್ದ ದಿನಗಳು. ಸಾಹೇಬರು ಒಂದು ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದರು. ಅವರ ತಲೆಯ ಮೇಲೆ, ತೊಲೆಗೆ ತೂಗುಹಾಕಿದ ಜಮಖಾನೆಯಂಥ ಉದ್ದನೆಯ ಬಟ್ಟೆಯೊಂದು ಧೂಳು ಹಿಡಿದು ಅಲುಗದೆ ನಿಂತಿತ್ತು.

"ಗಾಳಿ ಉಂಟು, ಹಾಯಿ ಉಂಟು, ದೋಣಿ ಮುಂದೆ ಹೋಗುವುದೇ ಇಲ್ಲ," ಎಂದರು ಸಾಹೇಬರು. "ಹಿಂದೆ ಆ ಪ್ರೊಪೆಲ್ಲರ್ ಎಳೆಯುತ್ತದೆ. ಇಂಜಿನ್ ತಿರುಗದಿದ್ದಾಗ ಅದು ನೀರಿಗೆ ಅಡ್ಡ ನಿಲ್ಲುವುದು. ಬಾಲಕ್ಕೆ ಬಾಲ್ದಿ ಕಟ್ಟಿದ ಹಾಗೆ. ಅರ್ಥವಾಯಿತಾ?"

"ಹೌದರಿ ಸಾಹೇಬ."

"ಎಳೆಯದ ಪ್ರೊಪೆಲ್ಲರ್ ಬರುತ್ತದೆ. ಮುಂಬೈಯಲ್ಲಿ ನೋಡಿದ್ದೇನೆ. ನಿಮ್ಮ ಜಾಗೀರದಾರರು ಅಂಥದ್ದು ಯಾವುದಾದರೂ ತರಿಸಿದ್ದರಾ?"

"ಬೀದರದಾಗ ಬೇಗಂ ಸಾಹೇಬರ ಮನ್ಯಾಗ ಒಂದೆರಡು ಇರಬೇಕ್ರಿ."

"ಹಾಗಾದರೆ ಇವತ್ತೇ ಹೋಗಿ ಆರಿಸಿ ತಾ. ಸಂಜೆಯ ಗಾಳಿಗೆ ನಾನು ನೋಡಬೇಕು. ದೋಣಿ ಸರಿಯಾದರೆ ಆಮೇಲೆ ನಿನ್ನ ವಿಷಯ ನೋಡುವ. ಇಲ್ಲದಿದ್ದರೆ ದೋಣಿಯೂ ಬೇಡ, ನೀನೂ ಬೇಡ."

ಪಂಢರಿ ತಲೆಯಾಡಿಸಿದ. ಸಾಹೇಬರ ಎದುರು ಅವನು ಪಂಖಾ ಎಂಬ ಮಾತನ್ನು ಆಡುತ್ತಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ತಾನು ಪಂಖಾ ಎಂದರೆ ಹಳ್ಳಿ ಗಮಾರ ಎಂದುಕೊಂಡಾರು ಎಂಬ ನಾಚಿಕೆ. ಆ ಇಂಗ್ಲಿಷ್ ಮಾತೋ, ಅವನ ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಒಮ್ಮೆ ಮನೆಯಲ್ಲಿ ಕುಳಿತು "ಪರಪೇಲ, ಪರಪೇಲ" ಎಂದು ರೂಢಿ ಮಾಡಿದಾಗ ಹೆಂಡತಿ ಚಂದ್ರಭಾಗಾ, ಯಾರನ್ನು ಬೈಯುತ್ತಿದ್ದೀರಿ ಎಂದು ಕೇಳಿದ್ದಳು.

ಮನೆಗೆ ಓಡಿ ಸುದ್ದಿ ಹೇಳಿದ. ಚಂದ್ರಭಾಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಮ್ಮಣ್ಣ ಇವತ್ತ ಎಕಂಬಾದಿಂದ ಬರ್ಲತ್ತಾನ. ಗೊತ್ತದಿಲ್ರಿ? ಕುರಿ ಕಾಯ್ಲಾಕ ನಿಮ್ಮನ್ನ ಕರಕೊಂಡು ಹೋಗ್ತೇನಿ ಅಂತ ಹಟಾ ಹಿಡದಾನ."

"ನಾ ಇಂಜಿನ್ನಿನ ಮನಷ್ಯ. ಕುರಿ ಹ್ಯಾಂಗ ಕಾಯ್ಲಿ?"

"ಅದೇ ಅಂತಾನ ಅವನೂ. ಇಂಜಿನ್ನಿಗಿ ಕಾಲಿಲ್ಲ, ಅದನ್ನ ಕಾದು ಏನ ಮಾಡ್ತಾನ, ಕುರಿಗಿ ಕಾಲರ ಅವ, ಅಂತಾನ." ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. "ನೋಡ್ರಿ, ಇವತ್ತ ಆ ನೌಕರಿ ಪಕ್ಕಾ ಆಯಿತಂದ್ರ ನಮ್ಮಣ್ಣನ ಬಾಯಿ ಮುಚ್ಚತದ. ಆಗಲಿಲ್ಲಂದ್ರ ನಾ ಗಂಟು ಕಟ್ಟತೇನಿ. ನೀವು ನನ್ನ ಹಿಂದ ಬರ್ತೀರೋ, ಕುರಿ ಹಿಂದ ಬರ್ತೀರೋ ನಿಮ್ಮ ಖುಷಿ."

ಪಂಢರಿಗೆ ಹೆಂಡತಿಯ ಮೇಲೆ ಸಿಟ್ಟು ಬರಲಿಲ್ಲ, ಭಯ ಬಂತು. ಔರಾದ ತಾಲೂಕಿನ ಆ ಎಕಂಬಾದಲ್ಲಿ ಭಾವ ಹಣಮಂತಪ್ಪ ಹತ್ತು ಜನರೆದುರು "ನಮ್ಮ ಭಾವ ನಾವ ನಡಸಾಂವ" ಎಂದು ಇವನನ್ನು ಕುರಿಗಳಿಗೆ ಪರಿಚಯಿಸುವ ಚಿತ್ರ ಕಣ್ಣ ಮುಂದೆ ಬಂತು. ಚಂದ್ರಭಾಗಾಳ ಹಳೆಯ ಲುಗಡಿ ಸೀರೆಯೊಂದನ್ನು ಹೆಗಲಿಗೆ ಹಾಕಿಕೊಂಡು ಬೀದರಿನ ರೈಲು ಹಿಡಿದ.

ಬೀದರಿನ ಕೋಟೆಯೊಳಗಿನ ಓಣಿಯಲ್ಲಿ ಜಾಗೀರದಾರರ ಹಳೆಯ ಹವೇಲಿ. ಹಿಂದೆ ಅದರ ಬಾಗಿಲಿಗೆ ಇಬ್ಬರು ಕಾವಲುಗಾರರಿದ್ದರು. ಈಗ ಬಾಗಿಲೇ ಇರಲಿಲ್ಲ; ಯಾರೋ ಬಿಚ್ಚಿಕೊಂಡು ಹೋಗಿದ್ದರು. ಒಳಗೆ ಬಿದಿರಿನ ಪರದೆಯ ಹಿಂದಿನಿಂದ ಜಾಗೀರದಾರರ ಹೆಂಡತಿ ಅಜೀಜಾ ಬೇಗಂ ಅವನ ದನಿಯನ್ನು ಗುರುತಿಸಿದರು.

"ಪಂಢರಿ ಏನು? ಆ ನಾವ ಇನ್ನಾ ಮುಳಗಿಲ್ಲೇನು?"

"ಇಲ್ರಿ ಅಮ್ಮಾಸಾಬ್. ಅದಕ್ಕೊಂದು ಎಳೀಲಾರದ ಪಂಖಾ ಬೇಕಾಗ್ಯಾದರಿ."

"ಕೊನೀ ಖೋಲಿ ನೋಡು. ಗೊತ್ತಾಗಿದ್ರ ಒಯ್ದಿರತಿದ್ರು. ಹಿತ್ತಾಳಿ ಅಂತ ಯಾರಿಗೂ ಗೊತ್ತಾಗಿಲ್ಲ ಕಾಣ್ತದ, ಮಸಿ ಹಿಡದದ."

ಕೊನೆಯ ಕೋಣೆಯಲ್ಲಿ, ಮುರಿದ ಪಲ್ಲಕ್ಕಿಯ ಕೆಳಗೆ, ಮೂರು ಪಂಖಾಗಳು ಸಿಕ್ಕವು. ಯಾವುದು ಎಳೆಯುತ್ತದೆ, ಯಾವುದು ಎಳೆಯುವುದಿಲ್ಲ ಎಂದು ನೋಡಿ ಹೇಳುವ ವಿದ್ಯೆ ಪಂಢರಿಗೆ ಇರಲಿಲ್ಲ. ಅಂಗಳದ ನಡುವೆ ಹೌಜು ಇತ್ತು, ಹಳೆಯ ಕಾರಂಜಿಯ ತೊಟ್ಟಿ. ಮಳೆಯ ನೀರು ತುಂಬಿ ಒಣಗಿದ ಎಲೆಗಳು ತೇಲುತ್ತಿದ್ದವು. ಒಂದೊಂದು ಪಂಖಾಕ್ಕೂ ಹಗ್ಗ ಕಟ್ಟಿ, ನೀರಿಗೆ ಬಿಟ್ಟು, ತೊಟ್ಟಿಯ ಸುತ್ತ ಎಳೆದುಕೊಂಡು ನಡೆಯತೊಡಗಿದ.

ಮೂರು ಎಸಳಿನದು ಕೋಣದಂತೆ ಜಗ್ಗಿತು. ಪಂಢರಿ ತೊಟ್ಟಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಎರಡು ಎಸಳಿನದು ನೆಟ್ಟಗೆ ನಿಂತಾಗ ಬಿಡುತ್ತಿತ್ತು, ಅಡ್ಡ ತಿರುಗಿದಾಗ ಹಿಡಿಯುತ್ತಿತ್ತು. ಕೆರೆಯಲ್ಲಿ ಅದು ಹೇಗೆ ನಿಂತಿದೆಯೆಂದು ನೋಡಲು ಪ್ರತಿ ಸಲವೂ ಒಬ್ಬರು ಮುಳುಗಬೇಕು. ಮುಳುಗುವವರು ಸಾಹೇಬರಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರನೆಯದಕ್ಕೂ ಎರಡೇ ಎಸಳು, ಆದರೆ ಬುಡದಲ್ಲಿ ಕೀಲು. ಹಗ್ಗ ಎಳೆದದ್ದೇ ತಡ, ಎರಡೂ ಎಸಳು ಕೈಮುಗಿದ ಹಾಗೆ ಹಿಂದಕ್ಕೆ ಮಡಚಿಕೊಂಡವು. ಹಗ್ಗದ ತುದಿಯಲ್ಲಿ ಏನಾದರೂ ಇದೆಯೋ ಇಲ್ಲವೋ ಎಂದು ಪಂಢರಿ ತಿರುಗಿ ನೋಡಿದ. ಮೇಲೆತ್ತಿ ದಂಡವನ್ನು ಅಂಗೈಯಲ್ಲಿ ಜೋರಾಗಿ ತಿರುಗಿಸಿದರೆ ಎಸಳುಗಳು ತಾವಾಗಿಯೇ ಬಿಚ್ಚಿಕೊಂಡವು. ಇಂಜಿನ್ನು ತಿರುಗಿದರೆ ಕೆಲಸ, ನಿಂತರೆ ನಮಸ್ಕಾರ.

"ಅಮ್ಮಾಸಾಬ್, ಇದೇ ನೋಡ್ರಿ. ಎಳೆಯೂದೇ ಇಲ್ಲ."

"ಸಾಹೇಬರು ಭಾಳ ಖುಷೀಲೆ ತರಸಿದ್ರು ಅದನ್ನ," ಎಂದಿತು ಪರದೆಯ ಹಿಂದಿನ ದನಿ. "ಹಾಕಿ ನೋಡ್ಲಾಕ ವೇಳ್ಯಾ ಸಿಗಲಿಲ್ಲ. ಒಯ್ಯಿ. ಈ ಮನ್ಯಾಗಿಂದ ಭಾಳ ಮಂದಿ ಭಾಳ ಸಾಮಾನು ಎಳಕೊಂಡು ಹೋದ್ರು. ಕೇಳಿ ಒಯ್ಯಲತ್ತಾಂವ ನೀ ಒಬ್ಬನೇ."

ಪಂಢರಿ ಬಗ್ಗಿ ಪಂಖಾದ ಕೀಲು ಒರೆಸಿದ. ಆ ಗಲಾಟೆಯ ವಾರ ತಾನು ಯಾವ ಸಾಮಾನನ್ನೂ ಮುಟ್ಟಿರಲಿಲ್ಲ ನಿಜ. ಬಾಗಿಲು ಹಾಕಿಕೊಂಡು ಮನೆಯಲ್ಲಿ ಕುಳಿತಿದ್ದ. ಅದೂ ಅಷ್ಟೇನು ಹೇಳಿಕೊಳ್ಳುವ ಮಾತಲ್ಲ. ಪಂಖಾವನ್ನು ಲುಗಡಿಯಲ್ಲಿ ಸುತ್ತಿ, ಪರದೆಯ ಕಡೆಗೆ ಸಲಾಮು ಮಾಡಿ ಹೊರಟ.

ಇದನ್ನೆಲ್ಲ ಪಕ್ಕದ ಮಾಳಿಗೆಯಿಂದ ದತ್ತಾತ್ರಿ ನೋಡುತ್ತಿದ್ದ. ಈ ದತ್ತಾತ್ರಿ ಹೋದ ವರ್ಷದ ಭಾದ್ರಪದದವರೆಗೆ ಕಪ್ಪು ಗೊಂಡೆಯ ಕೆಂಪು ರೂಮಿ ಟೋಪಿ ಹಾಕಿಕೊಂಡು ನಿಜಾಮರ ಪರವಾದ ಜುಲೂಸಿನ ಮುಂದೆ ನಡೆಯುತ್ತಿದ್ದವನು. ಸೈನ್ಯ ಊರೊಳಗೆ ಬಂದ ಬೆಳಿಗ್ಗೆ ಅವನ ತಲೆಯ ಮೇಲೆ ಬಿಳಿಯ ಟೋಪಿ ಇತ್ತು. ಬಿಳಿ ಬಟ್ಟೆಯ ಕಷ್ಟವೆಂದರೆ ಬೇಗ ಕೊಳೆಯಾಗುತ್ತದೆ. ಅದನ್ನು ಬೆಳ್ಳಗಿಡಲು ದತ್ತಾತ್ರಿ ಆಗಾಗ ಯಾರ ಮೇಲಾದರೂ ಚಾಡಿ ಹೇಳಲೇಬೇಕಾಗಿತ್ತು. ಆಕ್ಷನ್ನಿಗೆ ಮುಂಚೆ ಕತ್ತಲಲ್ಲಿ ವಿಮಾನಗಳು ಬೀದರಿಗೆ ಬಂದು ಬಂದೂಕು ಇಳಿಸಿ ಹೋಗುತ್ತಿದ್ದವು ಎಂಬ ಮಾತು ಊರಲ್ಲೆಲ್ಲ ಇತ್ತು. ಈಗ ಜಾಗೀರದಾರರ ಹವೇಲಿಯಲ್ಲಿ ಒಬ್ಬ ಹಿತ್ತಾಳೆಯ ಪಂಖಾಗಳನ್ನು ತೊಳೆದು, ತಿರುಗಿಸಿ, ಸೀರೆಯಲ್ಲಿ ಅಡಗಿಸಿಕೊಂಡು ಹೋಗುತ್ತಿದ್ದಾನೆ. ದತ್ತಾತ್ರಿ ಟೋಪಿ ಸರಿಮಾಡಿಕೊಂಡು ಮೆಟ್ಟಿಲಿಳಿದ.

ಮಧ್ಯಾಹ್ನದ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂಢರಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುದುರಿ ಕುಳಿತ. ಎದುರಿನ ಮುದುಕಿಗೆ ಕರುಣೆ ಬಂತು.

"ಕೂಸೇನೋ ತಮ್ಮಾ? ಮಾರಿ ತಗದು ಹಿಡಿ, ಉಸರ ಕಟ್ಟತದ."

"ಕೂಸಲ್ಲ ಆಯಿ, ಪಂಖಾ."

"ಪಂಖಾ ಇದ್ರ ಒಂದೀಟು ಬೀಸು. ಭಾಳ ಸೆಕಿ ಅದ."

ಜನ ನಕ್ಕರು. ಪಂಢರಿ ಸೀರೆಯ ಅಂಚು ಸರಿಸಿ ಹಿತ್ತಾಳೆ ತೋರಿಸಿದ. ಹಿಂದಿನ ಬೆಂಚಿನಿಂದ ದತ್ತಾತ್ರಿ ಕತ್ತು ಚಾಚಿದ.

"ಯಾತರ ಪಂಖಾ ಇದು?"

"ನೀರಾಗ ತಿರಗೂದರಿ."

"ನೀರಾಗ? ನೀರಿಗೂ ಸೆಕಿ ಆಗ್ತದೇನು?" ಮತ್ತೆ ನಗು. ದತ್ತಾತ್ರಿ ನಗಲಿಲ್ಲ. "ಮಡಚತದಲ್ಲ ಇದು, ಯಾಕ?"

"ಎಳೀಬಾರದಂತರಿ. ಬೇಕಾದಾಗ ತೆರಿತದ, ಬ್ಯಾಡಾದಾಗ ಮುಚ್ಚತದ."

"ಅಂದ್ರ ಯಾರಿಗೂ ಕಾಣದಂಗ ಇಡ್ಲಾಕ." ದತ್ತಾತ್ರಿ ರೈಲು ಡಬ್ಬಿಗೆಲ್ಲ ಕೇಳುವಂತೆ ಹೇಳಿದ. "ಕೇಳ್ರಿ ಎಲ್ಲಾರೂ. ಇದು ವಿಮಾನದ ಪಂಖಾ. ಜಾಗೀರದಾರನ ಮನ್ಯಾಗಿಂದ ಹೊಂಟದ."

ನಗು ನಿಂತಿತು. ಮುದುಕಿ ತನ್ನ ಬುಟ್ಟಿಯನ್ನು ಎಳೆದುಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಆಚೆಯ ಕಡೆಗೆ ಸರಿದರು. ವಿಮಾನದವನ ಪಕ್ಕದಲ್ಲಿ ಕುಳಿತಿದ್ದರು ಎಂದು ನಾಳೆ ಯಾರಾದರೂ ಹೇಳಿದರೆ ಏನು ಗತಿ? ಆ ವರ್ಷ ಜನ ಹಾಗೆಯೇ ಬದುಕುತ್ತಿದ್ದರು. ಪಂಢರಿಗೆ ಜನ್ಮದಲ್ಲಿ ಮೊದಲ ಬಾರಿ ಮೂರನೇ ದರ್ಜೆಯಲ್ಲಿ ಇಡೀ ಬೆಂಚು ಸಿಕ್ಕಿತು. ಅದರ ಮೇಲೆ ಕಾಲು ಚಾಚುವ ಧೈರ್ಯ ಅವನಿಗಾಗಲಿಲ್ಲ.

ಭಾಲ್ಕಿ ಸ್ಟೇಷನ್ನಿನಲ್ಲಿ ದತ್ತಾತ್ರಿ ಮೊದಲು ಇಳಿದ. ಪಂಢರಿ ಇಳಿಯುವ ಹೊತ್ತಿಗೆ ನರಸಿಂಗ ಜಮಾದಾರ ಎದುರಿಗೆ ನಿಂತಿದ್ದ. ನಿಜಾಮ್ ಸರ್ಕಾರದಲ್ಲೂ ನರಸಿಂಗ ಇದೇ ಠಾಣೆಯ ಇದೇ ಕುರ್ಚಿಯಲ್ಲಿ ಕುಳಿತಿದ್ದವನು. ಬದಲಾದದ್ದು ಅವನ ಪಟ್ಟಿಯ ಮೇಲಿನ ಬಿಲ್ಲೆ ಒಂದೇ. ಪಂಢರಿಗೆ ಅವನನ್ನು ಕಂಡು ಜೀವ ಬಂದಂತಾಯಿತು.

"ಜಮಾದಾರಸಾಬ್, ಛಲೋ ಆಯಿತು ನೀವೇ ಬಂದ್ರಿ. ಇವರಿಗಿ ಹೇಳ್ರಿ, ನಾ ಯಾರಂತ."

"ನೀ ಯಾರು?"

"ನಾ ಪಂಢರಿರಿ. ದಿನಾ ನೋಡ್ತೀರಲ್ರಿ."

"ಮೊದಲ ನೋಡಿದ್ದು ಮೊದಲಿಗಿ ಆಯಿತು. ಹೊಸಾ ಸರಕಾರ ಬಂದದ, ಎಲ್ಲಾರನ್ನೂ ಹೊಸದಾಗಿ ಗುರ್ತ ಹಿಡೀಬೇಕು. ಗುರ್ತಿನಾಂವ ಅಂತ ಬಿಟ್ಟು ನನ್ನ ಟೋಪಿ ಹೋದ್ರ ನೀ ಕೊಡ್ತೀಯೇನು?" ಜಮಾದಾರ ಗಂಟು ಬಿಚ್ಚಿಸಿದ. "ಉಳದ ವಿಮಾನ ಎಲ್ಲದ?"

"ವಿಮಾನಲ್ರಿ, ನಾವರಿ. ಜಾಗೀರದ ಕೆರ್ಯಾಗ ಅದ. ನೀವೂ ಕುಂತಿದ್ರಲ್ರಿ ಅದರಾಗ, ಈದ್ ಹಬ್ಬದ ದಿವಸ. ಮುಜೀಬೋದ್ದೀನ ಸಾಹೇಬರ ಬಾಜೂಕ. ಕಬಾಬ್ ತಿಂದು ನೀವು—"

"ನಾ ಯಾವ ನಾವದಾಗೂ ಕುಂತಿಲ್ಲ," ಎಂದ ಜಮಾದಾರ, ಸುತ್ತ ನೋಡಿ. "ಕಬಾಬೂ ತಿಂದಿಲ್ಲ. ಅಂಥಾ ಜಾಗೀರದಾರ ಇದ್ದನಂತ ನಿನ್ನ ಬಾಯಾಗೇ ಕೇಳ್ಲತ್ತೇನಿ."

ತನ್ನನ್ನು ಬಿಡಿಸಬಲ್ಲ ಸತ್ಯ ಜಮಾದಾರನನ್ನು ಸಿಕ್ಕಿಸುತ್ತದೆ ಎಂಬುದು ಪಂಢರಿಗೆ ಆಗ ಹೊಳೆಯಿತು. ಹೊಳೆಯುವಷ್ಟರಲ್ಲಿ ಅವನ ಸೊಂಟಕ್ಕೆ ಹಗ್ಗ ಬಿದ್ದಿತ್ತು. ಇಂಥ ದೊಡ್ಡ ಬೇಟೆಯನ್ನು ಠಾಣೆಯಲ್ಲಿಡುವುದು ತರವಲ್ಲ, ನೇರ ಸಾಹೇಬರ ಮುಂದೆಯೇ ನಿಲ್ಲಿಸಬೇಕು ಎಂದು ಜಮಾದಾರ ತೀರ್ಮಾನಿಸಿದ. ಸಾಕ್ಷಿಯಾಗಿ ದತ್ತಾತ್ರಿ ಪಂಖಾವನ್ನು ಎದೆಗವಚಿಕೊಂಡು ಹಿಂದೆ ನಡೆದ.

ಬಜಾರಿನ ನಡುವೆ ಮೆರವಣಿಗೆ ಹೊರಟಿತು. ಜಮಾದಾರ ಹಗ್ಗ ಎಳೆಯುತ್ತಿದ್ದ. ಪಂಢರಿ ಮೊದಮೊದಲು ಕಾಲು ಒತ್ತಿ ನಿಂತ, ಕೈ ಬೀಸಿ ಹೇಳಲು ನೋಡಿದ. ಆಗೆಲ್ಲ ಹಗ್ಗ ಸೊಂಟವನ್ನು ಕೊರೆಯುತ್ತಿತ್ತು. ಕೈಮುಗಿದುಕೊಂಡು, ಮೈ ಮುದುರಿ ಹಿಂದೆ ಹಿಂದೆ ನಡೆದರೆ ಹಗ್ಗ ಅಷ್ಟು ಜಗ್ಗುವುದಿಲ್ಲವೆಂದು ಅವನಿಗೆ ದಾರಿಯಲ್ಲಿ ತಿಳಿಯಿತು. ಪಕ್ಕದ ಮನೆಯ ಕೇಶರಬಾಯಿ ಕಟ್ಟೆಯ ಮೇಲೆ ನಿಂತು, "ನಾ ಚಂದ್ರಭಾಗಾಗ ಮೊದಲೇ ಅಂದಿದ್ದೆ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಏನು ಅಂದಿದ್ದಳು ಎಂದು ಯಾರೂ ಕೇಳಲಿಲ್ಲ.

ಸಾಹೇಬರು ಕೆರೆಯ ದಂಡೆಯ ಮೇಲೆ ಚಡ್ಡಿ ತೊ‍ಟ್ಟು ಕಾದಿದ್ದರು.

"ಎಲ್ಲಿ ಸತ್ತಿದ್ದೆ ಮಾರಾಯ? ಗಾಳಿ ಬಿದ್ದುಹೋಗುತ್ತದೆ."

ಜಮಾದಾರ ಸಲಾಮು ಹೊಡೆದ. "ಹುಜೂರ್, ವಿಮಾನದ ಸಾಮಾನು ಹಿಡದು ತಂದೀನ್ರಿ."

ಸಾಹೇಬರ ಕಿವಿಗೆ ಅದು ಬೀಳಲೇ ಇಲ್ಲ. ದತ್ತಾತ್ರಿಯ ಎದೆಯಿಂದ ಹಿತ್ತಾಳೆಯನ್ನು ಕಿತ್ತುಕೊಂಡು, ಎಸಳು ಬಿಚ್ಚಿ ಮಡಚಿ, ಮಗುವಿನ ಹಾಗೆ ನಕ್ಕರು. "ಇದೇ, ಇದೇ. ಎಷ್ಟು ಚಂದ ಉಂಟು ನೋಡಿ. ದಾರಿಯಲ್ಲಿ ಎಲ್ಲಿಯೂ ಪೆಟ್ಟಾಗಲಿಲ್ಲವಲ್ಲ?"

ಜಮಾದಾರನಿಗೆ ಅರೆಗಳಿಗೆ ಸಾಕಾಯಿತು. "ಅದಕ್ಕೇ ಸ್ಟೇಷನ್ನಿನಿಂದ ನಾನೇ ಪಹರೆ ಕೊಟ್ಟು ತಂದೀನ್ರಿ ಹುಜೂರ್."

"ಬೀದರದಿಂದ ನಾ ಕಣ್ಣಿಟ್ಟೀನ್ರಿ," ಎಂದ ದತ್ತಾತ್ರಿ. "ಕಿಮ್ಮತ್ತಿನ ಸಾಮಾನು. ಇಂವನ ಕೈಯಾಗ ಬಿಟ್ರ ಹ್ಯಾಂಗರಿ?"

ಸಾಹೇಬರು ಇಬ್ಬರ ಕೈಯನ್ನೂ ಕುಲುಕಿದರು. ಪಂಢರಿಗೆ, "ನೋಡುತ್ತ ನಿಂತದ್ದೇನು? ಇಳಿ," ಎಂದರು.

ಪಂಢರಿ ಸೊಂಟದ ಹಗ್ಗದೊಂದಿಗೇ ನೀರಿಗಿಳಿದ. ಬಿಚ್ಚಬೇಕೆಂದು ಯಾರಿಗೂ ನೆನಪಾಗಲಿಲ್ಲ. ಅವನು ದೋಣಿಯ ಕೆಳಗೆ ಮುಳುಗಿದಾಗೆಲ್ಲ ಜಮಾದಾರ ತುದಿ ಹಿಡಿದು ನಿಂತಿದ್ದ. ಮೂರು ಎಸಳಿನದನ್ನು ಬಿಚ್ಚಿ, ಕೀಲಿಗೆ ಎಣ್ಣೆ ಸವರಿದ ಹೊಸದನ್ನು ಕೂಡಿಸಿ, ಬೆಣೆ ಬಡಿದು ಮೇಲೆ ಬಂದ. ಇಂಜಿನ್ನು ಚಾಲೂ ಮಾಡಿದ. ಎಸಳು ಬಿಚ್ಚಿಕೊಂಡು ದೋಣಿ ಬುಡುಬುಡು ಎಂದು ದಡ ಬಿಟ್ಟಿತು, ಜಮಾದಾರ ಹಗ್ಗದ ತುದಿ ಬಿಟ್ಟ. ನಡುಗೆರೆಯಲ್ಲಿ ಸಾಹೇಬರು ನಿಲ್ಲಿಸೆಂದರು. ಹಾಯಿಯ ಹಗ್ಗವನ್ನು ದತ್ತಾತ್ರಿ ಹಿಡಿದಿದ್ದ. ಕರೆಯದಿದ್ದರೂ ಅವನು ಹತ್ತಿ ಕುಳಿತಿದ್ದ.

ಇಂಜಿನ್ನು ನಿಂತಿತು. ನೀರಿನೊಳಗೆ ಎಸಳುಗಳು ಕೈಮುಗಿದವು. ಹಾಯಿ ಉಬ್ಬಿತು, ದೋಣಿ ಹೊರಟಿತು. ಹಲಗೆಗೆ ನೀರು ಸವರಿ ಹೋಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ವರ್ಷ ಈ ದೋಣಿಯ ಹೊಟ್ಟೆಯಲ್ಲಿ ಕುಳಿತಿದ್ದ ಪಂಢರಿ ಆ ಸದ್ದನ್ನು ಕೇಳಿಯೇ ಇರಲಿಲ್ಲ. ಬೆಳಿಗ್ಗೆಯಿಂದ ಪಟ್ಟದ್ದೆಲ್ಲ ಮರೆತು ಅವನ ಕಣ್ಣು ತುಂಬಿತು. ತಾನು ಆರಿಸಿದ್ದು ಸರಿಯಾಗಿತ್ತು. ತನ್ನ ಕೈಯಿಂದ ಒಂದು ಕೆಲಸ ಪೂರ್ತಿ ಸರಿಯಾಗಿತ್ತು.

ಆಚೆ ದಡ ಮುಟ್ಟಿ ತಿರುಗಿ ಬರುವಾಗ ಸಾಹೇಬರು ಯೋಚಿಸುತ್ತಿದ್ದರು. ದಡಕ್ಕೆ ಇಳಿದ ಮೇಲೆ ಹೇಳಿದರು:

"ಇಷ್ಟು ಹಗುರ ಹೋಗುವಾಗ ಈ ಇಂಜಿನ್ ಯಾಕೆ? ಈಗ ಎಳೆಯುವುದು ಅದರ ಭಾರ ಒಂದೇ. ನಾಳೆ ತೆಗೆಸಿಬಿಡುವ. ಹಗ್ಗ ಹಿಡಿಯಲಿಕ್ಕೆ ಇವರೊಬ್ಬರು ಸಾಕು." ದತ್ತಾತ್ರಿ ಟೋಪಿ ಮುಟ್ಟಿಕೊಂಡ. "ಮತ್ತೆ ಇವನಿಗೆ ಎಂತ ಕೆಲಸ ಕೊಡುವುದು?"

ಪಂಢರಿ ಒದ್ದೆ ಧೋತರದಲ್ಲಿ ನಿಂತಿದ್ದ. ಅಷ್ಟು ಚೆನ್ನಾಗಿರುವುದನ್ನು ಆರಿಸಬಾರದಿತ್ತು.

ಕೆಲಸ ಸಿಕ್ಕ ಖುಷಿಗೋ, ಇಲ್ಲ ಕೊಂಚ ನಾಚಿಕೆಯಾಗಿಯೋ ದತ್ತಾತ್ರಿ ಬಾಯಿ ಹಾಕಿದ. "ಊರಾಗ ಎಲ್ಲಾರೂ ಇವಗ ಪಂಖಾ ಪಂಢರಿ ಅಂತಾರಂತ್ರಿ, ಈಗ ಬಜಾರದಾಗ ಕೇಳ್ದೆ. ಮೊದಲಿಂದ ಪಂಖಾದ ಕೆಲಸ ಇವಂದೇ."

"ಹೌದ್ರಿ ಹುಜೂರ್," ಎಂದ ಜಮಾದಾರ, ಈಗ ಎಲ್ಲ ಗುರುತು ಮರಳಿ ಬಂದವನಾಗಿ. "ಪಂಖಾಕ್ಕ ಇವನಂಥಾಂವ ಭಾಲ್ಕಿದಾಗ ಇನ್ನೊಬ್ಬ ಇಲ್ಲ."

ಸಾಹೇಬರ ಮುಖ ಅರಳಿತು. "ಪಂಖಾದವನಾ ನೀನು? ಮೊದಲೇ ಹೇಳಬಾರದಾ ಮಾರಾಯ? ಅಂಥವ ಒಬ್ಬ ಸಿಗದೆ ನಾನು ಸಾಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಚೇರಿಗೆ ಬಾ. ಇನ್ನು ಪಂಖಾ ನಿನ್ನ ಜವಾಬ್ದಾರಿ. ಕಾಯಂ."

ಪಂಢರಿ ಅವರ ಕಾಲಿಗೆ ಬಿದ್ದ. ಹಗ್ಗ ಅಡ್ಡ ಬಂತು. ಜಮಾದಾರ ತಾನೇ ಬಗ್ಗಿ ಬಿಚ್ಚಿದ.

ಇಂಜಿನ್ನು ಹೋದ ಮೇಲೆ ಪಂಖಾ ಯಾತಕ್ಕೆ ಎಂಬ ಪ್ರಶ್ನೆ ಮನೆಯ ದಾರಿಯಲ್ಲಿ ಒಮ್ಮೆ ತಲೆಗೆ ಬಂತು. ಪಂಖಾ ಉಳಿಯಿತೆಂದರೆ ಅದನ್ನು ತಿರುಗಿಸಲು ಏನಾದರೂ ಬೇಕೇ ಬೇಕು, ಇಂದಲ್ಲ ನಾಳೆ ಇಂಜಿನ್ನೂ ತಿರುಗಿ ಬರುತ್ತದೆ, ಸಾಹೇಬರ ಮನಸ್ಸು ಬದಲಾಗಿರಬೇಕು ಎಂದು ತಾನೇ ಉತ್ತರ ಹೇಳಿಕೊಂಡ. ಮನೆಯಲ್ಲಿ ಹಣಮಂತಪ್ಪ ಕಂಬಳಿ ಹಾಸಿಕೊಂಡು ಕುಳಿತಿದ್ದ. ಚಂದ್ರಭಾಗಾ ಆಗಲೇ ಗಂಟು ಕಟ್ಟಿ ಬಾಗಿಲಲ್ಲಿಟ್ಟಿದ್ದಳು.

"ಪಕ್ಕಾ ಆಯಿತು," ಎಂದ ಪಂಢರಿ. "ಕಾಯಂ. ಸಾಹೇಬರು ಸ್ವತಾ ಬಾಯಿಲೆ ಅಂದ್ರು. ಪಂಖಾದ ಪೂರಾ ಜವಾಬ್ದಾರಿ ನಂದು."

ಚಂದ್ರಭಾಗಾ ಗಂಡನ ಒದ್ದೆ ಬಟ್ಟೆಯನ್ನೂ ಸೊಂಟದ ಬರೆಯನ್ನೂ ನೋಡಿದಳು. ಏನೂ ಕೇಳದೆ ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದು ಓಣಿಗೆಲ್ಲ ಹಂಚಿದಳು, ಮೊದಲು ಕೇಶರಬಾಯಿಗೆ. ಹಣಮಂತಪ್ಪ ಸಕ್ಕರೆ ಬಾಯಿಗೆ ಹಾಕಿಕೊಂಡು, "ನಾಳಿ ನಾನೂ ಬರ್ತೇನಿ. ಸರಕಾರಿ ನೌಕರಿ ಹ್ಯಾಂಗಿರತದ, ಒಂದ್ಸಲ ಕಣ್ಣಿಲೆ ನೋಡಿ ಹೋಗ್ತೇನಿ," ಎಂದ.

ಬೆಳಿಗ್ಗೆ ಪಂಢರಿ ಒಗೆದ ಧೋತರ ಉಟ್ಟು, ಒಂದು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ಇನ್ನೊಂದರಲ್ಲಿ ಎಣ್ಣೆಯ ಕುಪ್ಪಿ ಹಿಡಿದು ಕಚೇರಿಗೆ ಹೋದ. ಭಾವ ಹಿಂದೆ ಇದ್ದ. ಸಾಹೇಬರು ಫೈಲಿನಿಂದ ಬೀಸಿಕೊಳ್ಳುತ್ತಿದ್ದರು.

"ಬಂದೆಯಾ? ಒಳ್ಳೆಯದಾಯಿತು. ಅದು ಎಂತದು, ಎಣ್ಣೆಯಾ?"

"ಪಂಖಾಕ್ಕರಿ ಸಾಹೇಬ."

"ನೋಡಿ, ಗೊತ್ತಿದ್ದವ ಅಂದರೆ ಹೀಗಿರಬೇಕು. ಹೌದು, ಅದರ ರಾಟೆ ಕಿರ್ ಎನ್ನುತ್ತದೆ. ಮೊದಲಿನ ಆಳು, ಆ ದಸ್ತಗೀರ, ಹೋದ ಮೇಲೆ ಯಾರೂ ಮುಟ್ಟಲೇ ಇಲ್ಲವಂತೆ." ಸಾಹೇಬರು ಗೋಡೆಯ ಕಡೆಗೆ ಕೈ ತೋರಿಸಿದರು. "ಹೊರಗೆ ಹೋಗಿ ಕೂತುಕೋ. ಹಗ್ಗ ಅಲ್ಲಿ ಉಂಟು."

ಪಂಢರಿ ಮೇಲೆ ನೋಡಿದ. ತೊಲೆಗೆ ತೂಗುಹಾಕಿದ್ದ ಆ ಉದ್ದನೆಯ ಬಟ್ಟೆಗೆ ಒಂದು ಹಗ್ಗ ಕಟ್ಟಿತ್ತು. ಅದು ರಾಟೆಯ ಮೇಲೆ ಹಾದು, ಗೋಡೆಯ ತೂತಿನಿಂದ ಹೊರಗಿನ ಕಟ್ಟೆಗೆ ಇಳಿದಿತ್ತು. ಮಂಗಳೂರಿನ ಸಾಹೇಬರಿಗೆ ಪಂಖಾ ಎಂದರೆ ಹೊರಗಿನಿಂದ ಹಗ್ಗ ಎಳೆದರೆ ಒಳಗೆ ಗಾಳಿ ಬೀಸುವ ಅದೊಂದೇ.

ಇನ್ನೂ ಹೊತ್ತಿತ್ತು. ಒಂದೇ ಮಾತು ಹೇಳಿದರೆ ಸಾಕಿತ್ತು, ಸಾಹೇಬರ ಮಾತು, ಸಾಹೇಬರಿಗೆ ತಿಳಿಯುವ ಮಾತು. ಪಂಢರಿ ಬಾಯಿ ತೆರೆದ.

"ಸಾಹೇಬ, ನಾ ಪರ... ಪರಪೇಲದಾಂವ್ರಿ."

"ಎಂತ?"

"ಪರ... ಪೇಲ..."

ಸಾಹೇಬರು ಹುಬ್ಬು ಗಂಟಿಕ್ಕಿ ನೋಡಿದರು. ಬಾಗಿಲಲ್ಲಿ ಹಣಮಂತಪ್ಪ ನಿಂತಿದ್ದ. ಓಣಿಯ ನಾಲಿಗೆಯ ಮೇಲೆ ಸಕ್ಕರೆ ಇನ್ನೂ ಕರಗಿರಲಿಲ್ಲ.

"ಏನಿಲ್ರಿ," ಎಂದ ಪಂಢರಿ.

ಹೊರಗೆ ಕಟ್ಟೆಯ ಮೇಲೆ ಕುಳಿತು ಹಗ್ಗ ಹಿಡಿದ. ಮೊದಲ ಸಲ ಜಗ್ಗಿದಾಗಲೇ ಸೊಂಟದ ಬರೆ ಉರಿಯಿತು. ನಿನ್ನೆಯೆಲ್ಲ ಅವನು ನೀರಿನಲ್ಲಿ ಎಳೆದು ನೋಡಿದ ಯಾವ ಪಂಖಾವೂ ಇಷ್ಟು ಜಗ್ಗಿರಲಿಲ್ಲ. ಎದುರಿಗೆ ಕೆರೆಯ ಮೇಲೆ ದತ್ತಾತ್ರಿ ಹಾಯಿ ಬಿಚ್ಚಿ ಒಣಗಿಸುತ್ತಿದ್ದ. ದಂಡೆಯಲ್ಲಿ ಇಂಜಿನ್ನು ಮಗುಚಿ ಬಿದ್ದಿತ್ತು.

ಹಣಮಂತಪ್ಪ ಬಹಳ ಹೊತ್ತು ಹಗ್ಗವನ್ನೂ ತೂತನ್ನೂ ಒಳಗಿನ ಬಟ್ಟೆಯನ್ನೂ ನೋಡಿದ.

"ಇದೇ ಏನು ನಿನ್ನ ಪಂಖಾ?"

"ಹ್ಞೂಂ."

"ಎಳೀತಾ ಇರಬೇಕೇನು?"

"ಎಳೀತಾ ಇರಬೇಕು."

"ಕುರಿ ಛಲೋ ಭಾವ," ಎಂದ ಹಣಮಂತಪ್ಪ, ಕಂಬಳಿ ಹೆಗಲಿಗೇರಿಸಿಕೊಳ್ಳುತ್ತ. ದನಿಯಲ್ಲಿ ತಮಾಷೆ ಇರಲಿಲ್ಲ. "ಅವು ಒಂದೀಟು ತಾವೂ ನಡೀತಾವ."

ಅದನ್ನು ಕೇಳಿ ಪಂಢರಿಯ ಕೈ ನಿಂತಿತು. ಒಳಗಿನಿಂದ ಸಾಹೇಬರ ದನಿ ಬಂತು.

"ನಿಲ್ಲಿಸಬೇಡ ಮಾರಾಯ. ಎಳೆ."

ಪಂಢರಿ ಎಳೆದ.